ಪ್ರಶ್ನೋತ್ತರ: ‘ಆ ಹಲ್ಲಿನ ದವಾಖಾನಿಗೆ ಮತ್ತ ಬರಂಗಿಲ್ಲ’ ಅನ್ನೋ ಮಗಳು

ಪ್ರಶ್ನೆ (ಚಿತ್ತಾಪುರ ತಾಲೂಕಿನ ಒಬ್ಬ ತಾಯಿ):

ನಮಸ್ಕಾರ್ರಿ ಡಾಕ್ಟ್ರ ಮೇಡಂ. ನನ್ನ ಮಗಳಿಗೆ ಹದಿನೈದು ವರ್ಷ, ಹತ್ತನೇತ್ತ ಓದ್ತಾಳ. ಹೋದ ತಿಂಗಳ ದವಡಿ ಹಲ್ಲ ನೂಸಿ ರಾತ್ರಿ ನಿದ್ದಿನೇ ಇಲ್ಲದಂಗಾತು. ಒಂದು ಖಾಸಗಿ ದವಾಖಾನಿಗೆ ಕರ್ಕೊಂಡು ಹೋದ್ವಿ. ರೂಟ್ ಕೆನಾಲ್ ಮಾಡ್ಬೇಕು, ಮೂರು ಸಲ ಬರ್ರಿ ಅಂದ್ರು. ಮೊದಲನೇ ಸಲ ಏನೋ ಬೆಳ್ಳಂದು ತುಂಬಿ ಕಳಸಿದ್ರು. ಈಗ ನೋವಿಲ್ಲ. ಖಡಕ್ ರೊಟ್ಟಿ ತಿನ್ನೂಮುಂದ ಆ ಬೆಳ್ಳಂದು ಸ್ವಲ್ಪ ಉದುರ್ಯದ. ನಡಿ ಅಂದ್ರ ಬರಂಗಿಲ್ಲ ಅಂತ ಹಟ. ‘ಇಷ್ಟು ದೊಡ್ಡಕಿ ಆಗಿ ಹಲ್ಲ ತಿಕ್ಕೊಳ್ಳಾಕ ಬರಂಗಿಲ್ಲೇನು’ ಅಂತ ಅಲ್ಲಿ ಡಾಕ್ಟ್ರು ಎಲ್ಲಾರ ಮುಂದ ಅಂದ್ರಂತ, ಅದಕ್ಕ ಅಳ್ತಾಳ. ಮುಂದಿನ ಹಲ್ಲ ಮ್ಯಾಲ ಕಂದು ಕಲಿ ಬ್ಯಾರೆ ಅವ, ನಗೂಮುಂದ ಬಾಯಿಗೆ ಕೈ ಅಡ್ಡ ಹಿಡೀತಾಳ. ಅವರಪ್ಪ ‘ನೋವು ಹೋಗ್ಯದಲ್ಲ, ಸಾಕು ಬಿಡು’ ಅಂತಾರ. ಜಬರ್‌ದಸ್ತಿ ಮಾಡಿ ಕರ್ಕೊಂಡು ಹೋಗ್ಲೇನ್ರಿ?

ಉತ್ತರ (ದಂತವೈದ್ಯೆ, ಕಲಬುರಗಿ):

ಅಕ್ಕಾವ್ರೆ, ಜಬರ್‌ದಸ್ತಿ ಬ್ಯಾಡ. ಆದರೆ ಹಲ್ಲನ್ನು ಹಾಗೇ ಬಿಡಲೂ ಬ್ಯಾಡಿ.

ನೋವು ನಿಂತಿರುವುದು ಒಳಗಿನ ಕೆಟ್ಟ ನರ ತೆಗೆದಿದ್ದಕ್ಕೆ. ಬೇರಿನ ಒಳಗಿನ ದಾರಿ ಇನ್ನೂ ಪೂರ್ತಿ ಸ್ವಚ್ಛ ಆಗಿಲ್ಲ, ಮುಚ್ಚಿಯೂ ಇಲ್ಲ. ಆ ಬೆಳ್ಳಂದು ತಾತ್ಕಾಲಿಕ ಸಿಮೆಂಟು. ಅದು ಉದುರಿದರೆ ಜೊಲ್ಲು, ಅನ್ನದ ಚೂರು ಒಳಗಿಳಿದು ಮತ್ತೆ ಕೀವಾಗುತ್ತದೆ, ಹಲ್ಲು ಸೀಳುವುದೂ ಉಂಟು. ಅರ್ಧಕ್ಕೆ ಬಿಟ್ಟರೆ ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು ಅಂತ ಯಜಮಾನರಿಗೆ ತಿಳಿಸಿ.

ಇನ್ನು ಮಗಳ ಸಂಗತಿ. ನಮ್ಮ ಭಾಗದಲ್ಲಿ ಈ ವಯಸ್ಸಿನ ಹುಡುಗಿ ಹಲ್ಲಿನ ಡಾಕ್ಟರ ಹತ್ತಿರ ತಾನಾಗಿ ಬರುವುದು ಕಡಿಮೆ. ನೋವು ತಾಳಲಾರದಷ್ಟಾಗಬೇಕು, ಅಪ್ಪ ದುಡ್ಡಿಗೆ ಒಪ್ಪಬೇಕು, ಪರೀಕ್ಷೆ ಇರಬಾರದು, ಜೊತೆಗೆ ಬರುವವರಿಗೆ ಬಿಡುವಿರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ ಚಿಂತೆ ಹೆಣ್ಣುಮಕ್ಕಳಿಗೆ ತಪ್ಪಿದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ತೊಗರಿ ರಾಶಿ ನಡೆದಾಗ ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕಲ್ಲ? ನನಗೆ ತೀರಾ ಬೇಸರ ತರುವುದು ಇನ್ನೊಂದಿದೆ. ಸಂಬಂಧ ನೋಡಲು ಬರುತ್ತಾರೆ ಅಂದಾಗ ಮುಂದಿನ ಹಲ್ಲಿನ ಕಲೆ ತೆಗೆಸಲು ಓಡಿ ಬರುತ್ತಾರೆ, ಹಿಂದೆ ಕೊಳೆತ ದವಡೆ ಹಲ್ಲು ಯಾರಿಗೂ ಕಾಣುವುದಿಲ್ಲ ಅಂತ ವರ್ಷಗಟ್ಟಲೆ ಬಿಡುತ್ತಾರೆ. ಊಟ ಅಗಿಯುವುದು ಆ ಹಲ್ಲಿನಿಂದ.

ಇಷ್ಟೆಲ್ಲ ದಾಟಿ ಬಂದವಳು ಮತ್ತೆ ಬರುತ್ತಾಳೋ ಇಲ್ಲವೋ ಎಂಬುದು ಆ ಕುರ್ಚಿಯ ಮೇಲೆಯೇ ತೀರ್ಮಾನ ಆಗುತ್ತದೆ. ಹುಡುಗಿ ಬಾಯಿ ತೆಗೆದು ಕೂತಿರುತ್ತಾಳೆ, ಡಾಕ್ಟರು ಅವಳ ತಲೆ ಮೇಲಿಂದ ತಾಯಿಯೊಡನೆ ಮಾತಾಡುತ್ತಾರೆ, ಬೈದರೂ ಅವಳಿಗೆ ಉತ್ತರ ಕೊಡಲಾಗುವುದಿಲ್ಲ. ನಾನು ಹುಡುಗಿಯರ ಕೈಗೆ ಮೊದಲು ಕನ್ನಡಿ ಕೊಡುತ್ತೇನೆ. ಹುಳುಕು ಎಲ್ಲಿದೆ, ಸೂಜಿ ಎಲ್ಲಿ ಚುಚ್ಚುತ್ತೇನೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅವಳಿಗೇ ತೋರಿಸಿ ಹೇಳುತ್ತೇನೆ. ನೋವಾದರೆ ಎಡಗೈ ಎತ್ತು ಅನ್ನುತ್ತೇನೆ. ಎತ್ತಿದ ಕೂಡಲೇ ಯಂತ್ರ ನಿಲ್ಲಿಸಲೇಬೇಕು. ಒಂದು ಸಲ ನಿಲ್ಲಿಸದೆ ಮುಂದುವರಿದರೂ ಆಕೆ ನಂಬುವುದಿಲ್ಲ.

ನಿಮ್ಮ ಮಗಳನ್ನು ‘ಯಾಕೆ ಬರಲ್ಲ’ ಅಂತ ಕೇಳಬೇಡಿ. ‘ಅಲ್ಲಿ ಯಾವುದು ಬೇಸರ ಆಯ್ತು, ಏನು ಬದಲಾದರೆ ಬರ್ತೀ’ ಅಂತ ಕೇಳಿ. ಹೆಣ್ಣು ಡಾಕ್ಟರು ಬೇಕು ಅಂದರೆ ಹುಡುಕಿ. ಗಂಡು ಡಾಕ್ಟರಾದರೆ ಒಳಗೆ ನರ್ಸಮ್ಮ ಇರಲಿ ಅಂತ ಕೇಳುವುದು ನಿಮ್ಮ ಹಕ್ಕು. ಅದೇ ದವಾಖಾನೆಗೇ ಹೋಗಬೇಕೆಂದಿಲ್ಲ, ಎಕ್ಸ್‌ರೇ ಮತ್ತು ಚೀಟಿ ಇಸಕೊಂಡರೆ ಬೇರೆಯವರು ಮುಂದುವರಿಸುತ್ತಾರೆ. ಕಲಬುರಗಿಯ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಕಲಿಯುವವರು ಹಿರಿಯರ ಮುಂದೆ ಕೆಲಸ ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಅದಕ್ಕೆ ಮೊದಲೇ ತಯಾರಾಗಿ ಹೋಗಿ.

ಕಂದು ಕಲೆ ನೀರಿನದಿರಬಹುದು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ. ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ಮುಂದಿನ ಹಲ್ಲು ಒಸಡಿನ ಒಳಗೆ ತಯಾರಾಗುವ ಎಳೆ ವಯಸ್ಸಿನಲ್ಲೇ ಈ ಕಲೆ ಬೀಳುತ್ತದೆ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಹಾಗಾಗಿ ಇದು ಆಕೆ ತಿಕ್ಕದ್ದರಿಂದ ಆದದ್ದಲ್ಲ. ಈ ಮಾತನ್ನು ಅವಳಿಗೆ ದಯವಿಟ್ಟು ಹೇಳಿ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಕಲೆ ಹೋಗದು, ಹಲ್ಲು ಸವೆಯುತ್ತದೆ. ಮೇಲುಪದರ ನಯವಾಗಿ ಉಜ್ಜಿ ತೆಗೆಯುವ ಅಥವಾ ಹಲ್ಲಿನ ಬಣ್ಣದ ಲೇಪ ಹಚ್ಚುವ ಚಿಕಿತ್ಸೆ ಇದೆ, ದವಡೆ ಹಲ್ಲು ಮುಗಿದ ಮೇಲೆ ನೋಡೋಣ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರ ನೀರು ಈಗಲೇ ಬದಲಿಸಿ.

ಪಿಯುಸಿ ವಿದ್ಯಾರ್ಥಿನಿ, ಯಾದಗಿರಿ: ಮೇಡಂ, ನನಗ ಮುಟ್ಟಿನ ದಿನದಾಗ ಒಸಡಿಂದ ರಕ್ತ ಬರ್ತದ. ಆ ದಿನ ಬ್ರಷ್ ಮಾಡಬ್ಯಾಡ ಅಂತಾಳ ಅಜ್ಜಿ. ಡಾಕ್ಟ್ರ ಮುಂದ ಹೇಳಾಕ ನಾಚಿಕಿ.

ಉತ್ತರ: ನಾಚಿಕೆ ಬ್ಯಾಡ ತಂಗಿ. ಈ ವಯಸ್ಸಿನ ಹಾರ್ಮೋನಿನಿಂದ ಒಸಡು ಸೂಕ್ಷ್ಮ ಆಗಿರುತ್ತದೆ, ಹಲ್ಲಿನ ಬುಡದ ಕೊಳೆಗೆ ಬೇಗ ಊದಿಕೊಳ್ಳುತ್ತದೆ. ಬ್ರಷ್ ಬಿಟ್ಟರೆ ಕೊಳೆ ಹೆಚ್ಚಿ ರಕ್ತವೂ ಹೆಚ್ಚುತ್ತದೆ. ಮೆತ್ತನ ಬ್ರಷ್‌ನಿಂದ ಎರಡು ಹೊತ್ತೂ ತಿಕ್ಕು, ರಾತ್ರಿ ತಪ್ಪಿಸಬೇಡ. ಉಳಿದ ದಿನಗಳಲ್ಲೂ ರಕ್ತ ಬಂದರೆ ಹಲ್ಲು ಕ್ಲೀನ್ ಮಾಡಿಸಬೇಕು. ಅದರಿಂದ ಹಲ್ಲು ಸಡಿಲ ಆಗುತ್ತದೆ ಅನ್ನುವುದು ಸುಳ್ಳು.

ಹಾಸ್ಟೆಲ್ ವಾರ್ಡನ್, ಬೀದರ್: ನಮ್ಮ ಸರ್ಕಾರಿ ಸಾಲಿ ಹುಡುಗಿಯರನ್ನ ಡಾಕ್ಟ್ರ ತಂಡ ಬಂದು ನೋಡ್ತದ, ಹಲ್ಲಿಗೆ ಚೀಟಿ ಬರೀತದ. ಚೀಟಿ ಪುಸ್ತಕದಾಗೇ ಉಳೀತದರಿ.

ಉತ್ತರ: ಸರ್, ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಹದಿನೆಂಟು ವರ್ಷದವರೆಗೆ ತಪಾಸಣೆ ಇದೆ, ಹಲ್ಲಿನ ತೊಂದರೆಯೂ ಅದರಲ್ಲಿ ಸೇರಿದೆ, ಅವರು ಕಳಿಸಿದಲ್ಲಿ ಚಿಕಿತ್ಸೆ ಉಚಿತ. ಒಬ್ಬೊಬ್ಬಳೇ ಹೋಗು ಅಂದರೆ ಹೋಗುವುದಿಲ್ಲ. ಚೀಟಿ ಇರುವ ಹುಡುಗಿಯರನ್ನು ಒಂದೇ ದಿನ, ಒಬ್ಬ ಮಹಿಳಾ ಸಿಬ್ಬಂದಿಯ ಜೊತೆ ಕಳಿಸಿ. ಪಾಲಕರ ಒಪ್ಪಿಗೆ ಸಹಿ ಮೊದಲೇ ತರಿಸಿಡಿ, ಇಲ್ಲದಿದ್ದರೆ ಹಲ್ಲು ಕೀಳದೆ ವಾಪಸ್ ಕಳಿಸುತ್ತಾರೆ.

ತಾಯಿ: ಮೇಡಂ, ಮಗಳಿಗೆ ಓದಿ ತೋರಿಸಿದ್ನಿ. ಹೆಣ್ಣ ಡಾಕ್ಟ್ರ ಇದ್ರ ಬರ್ತೀನಿ ಅಂದಾಳ. ಪರೀಕ್ಷೆ ಮುಗಿದ ಮ್ಯಾಲ ಹೋದ್ರ ನಡೀತದ?

ಉತ್ತರ: ಬ್ಯಾಡ್ರಿ. ಸಿಮೆಂಟು ಈಗಾಗಲೇ ಉದುರುತ್ತಿದೆ, ಪರೀಕ್ಷೆ ನಡುವೆಯೇ ಮತ್ತೆ ನೋವೆದ್ದೀತು. ಈ ವಾರವೇ ಹೋಗಿ. ಅಲ್ಲಿವರೆಗೆ ಆ ಕಡೆ ಅಗಿಯುವುದು ಬ್ಯಾಡ, ರೊಟ್ಟಿ ಬೇಕಂದರೆ ಮೆತ್ತಂದು ಮಾಡಿಕೊಡಿ. ಗಲ್ಲ ಬಾತರೆ, ಜ್ವರ ಬಂದರೆ, ಬಾಯಿ ತೆಗೆಯಲು ಕಷ್ಟ ಆದರೆ ದಿನ ನೋಡದೆ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.