ಸೆಂಟರ್ ಸ್ಪೀಕರ್ ಇದ್ರೂ ಮಾತು ಸ್ಪಷ್ಟ ಕೇಳಸವಲ್ದು, ದೊಡ್ಡದು ತಗೋಬೇಕೇನ್ರಿ?

ಪರ್ಸಿಮನಿ_ಕಲಬುರಗಿ:
ನಮಸ್ಕಾರ್ರಿ ಎಲ್ಲರಿಗೂ. ಮನಿ ಸೇಡಂ ರಸ್ತೆ ಕಡೆ. ಹಾಲ್ 16 ಅಡಿ ಉದ್ದ, 11 ಅಡಿ ಅಗಲ. ಕೆಳಗ ಶಹಾಬಾದ್ ಪರ್ಸಿ ಕಲ್ಲು, ಮ್ಯಾಲ ಆರ್‌ಸಿಸಿ, ಗೋಡಿಗೆ ಬರೇ ಪೇಂಟ್. ಅಗಲದ ಗೋಡಿಗೆ 55 ಇಂಚಿನ ಟೀವಿ, ಅಲ್ಲಿಂದ ಸೋಫಾ 10 ಅಡಿ ದೂರ.

ಡೆನಾನ್ 5.1 ರಿಸೀವರ್, ಎಡಕ್ಕ ಬಲಕ್ಕ ಬುಕ್‌ಶೆಲ್ಫ್ ಸ್ಪೀಕರ್, 10 ಇಂಚಿನ ಸಬ್ (ಬರೇ ಬಾಸ್, ಅಂದ್ರ ದಪ್ಪ ದನಿ ನುಡಿಸೋ ಸಬ್‌ವೂಫರ್) ಅದ. ಮಾತು ಬರೋ ನಡುವಿನ ಸೆಂಟರ್‌ನಾಗ 5 ಇಂಚಿನ ವೂಫರ್ (ದಪ್ಪ ದನಿದು) ಎರಡು, ನಡುವ ಟ್ವೀಟರ್ (ಸಣ್ಣ ದನಿದು). ಅದನ್ನ ಟೀವಿ ಯುನಿಟ್‌ನ ನಡುವಿನ ಖಾನಿ ಒಳಗ ಇಟ್ಟೀನಿ, ಅಂಚಿನಿಂದ 4 ಇಂಚು ಒಳಗ ಅದ. ಆಡಿಸ್ಸಿ (ಮೈಕ್ ಇಟ್ಟು ಕೋಣಿ ಅಳದು ಸ್ಪೀಕರ್ ಸೆಟ್ ಮಾಡೋ ರಿಸೀವರ್‌ನ ಸೌಲಭ್ಯ) ಓಡಿಸಿದ್ರ ಸೆಂಟರ್ ‘ಲಾರ್ಜ್’ (ಬಾಸ್ ಸಬ್‌ಗೆ ಬಿಡದೆ ತಾನೇ ನುಡಿಸೋದು) ಅಂತ ಬಂತು, ಲೆವೆಲ್ ಮೈನಸ್ 2.5 ಡಿಬಿ (ಡೆಸಿಬೆಲ್).

ಫೈಟ್ ಬಂದ್ರ ಮನಿ ನಡುಗ್ತದ, ಮಾತು ಬಂದ್ರ ಡಬ್ಬಿ ಒಳಗಿಂದ ಮಾತಾಡಿದಂಗ ಆಗ್ತದ. ಸೋಫಾದ ತುದಿಗೆ ಕೂತವರಿಗೆ ಇನ್ನೂ ಕಮ್ಮಿ. ಕೂಲರ್ ಹಚ್ಚಿದ್ರಂತೂ ಮುಗೀತು. ಅಂಗಡ್ಯಾಗ ದೊಡ್ಡ ಸೆಂಟರ್ ತಗೋರಿ ಅಂತಾರ. ಖರೇನೇ ಬೇಕೇನ್ರಿ?

ಬಿದ್ರಿ_ಆಡಿಯೋ:
ಬೇಡ ಸರ್. ಅದೇ ಖಾನೆಯಲ್ಲಿ ದೊಡ್ಡದು ಇಟ್ಟರೆ ದೊಡ್ಡ ಗುಂಯ್ ಬರುತ್ತದೆ, ಅಷ್ಟೆ. ಮೊದಲು ತೊಂದರೆ ಸಿಗ್ನಲ್‌ನಲ್ಲಿದೆಯೋ, ಜಾಗದಲ್ಲಿದೆಯೋ, ಕೋಣೆಯಲ್ಲಿದೆಯೋ ನೋಡೋಣ.

ಸಿಗ್ನಲ್: ಸಿನಿಮಾ ಓಡುವಾಗ ರಿಸೀವರ್‌ನ ಇನ್ಫೋ ಒತ್ತಿ. ‘ಡಾಲ್ಬಿ ಡಿಜಿಟಲ್ ಪ್ಲಸ್ 5.1’ ಎಂದಿದ್ದರೆ ಸರಿ. ‘ಪಿಸಿಎಂ’, ಎರಡೇ ಚಾನೆಲ್ ಎಂದಿದ್ದರೆ ಟೀವಿಯೇ ಎಲ್ಲವನ್ನೂ ಸ್ಟೀರಿಯೋ ಮಾಡಿ ಕಳಿಸುತ್ತಿದೆ. ಆಗ ಟೀವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನು ‘ಪಿಸಿಎಂ’ನಿಂದ ‘ಆಟೋ’ ಅಥವಾ ‘ಪಾಸ್‌ಥ್ರೂ’ಗೆ (ಬಂದದ್ದನ್ನು ಹಾಗೇ ಕಳಿಸುವುದು) ಬದಲಿಸಿ. ಸೆಟ್‌ಟಾಪ್ ಬಾಕ್ಸ್‌ನಲ್ಲೂ ಇದೇ ಥರದ ಆಯ್ಕೆ ಇರುತ್ತದೆ. ಹಳೆಯ ಕನ್ನಡ ಸಿನಿಮಾಗಳು ಎಷ್ಟೋ ಸ್ಟೀರಿಯೋದಲ್ಲೇ ಸಿಗುತ್ತವೆ. ಅಂಥವಕ್ಕೆ ಸೌಂಡ್ ಮೋಡ್ ‘ಡಾಲ್ಬಿ ಸರೌಂಡ್’ ಇರಲಿ, ‘ಸ್ಟೀರಿಯೋ’ ಮೋಡ್‌ನಲ್ಲಿ ಸೆಂಟರ್ ಬಾಯಿಯೇ ಬಿಡುವುದಿಲ್ಲ.

ಆಮೇಲೆ ಖರ್ಚಿಲ್ಲದ ಒಂದು ಪರೀಕ್ಷೆ. ಸ್ಪೀಕರ್ ಕಾನ್ಫಿಗ್‌ನಲ್ಲಿ ಸೆಂಟರ್ ‘ನನ್’ (ಇಲ್ಲ) ಮಾಡಿ, ಅದೇ ದೃಶ್ಯವನ್ನು ನಡುವಿನ ಸೀಟಿನಲ್ಲಿ ಕೂತು ಕೇಳಿ. ಈಗ ಮಾತು ಎಡ ಬಲದ ಸ್ಪೀಕರ್‌ಗಳಿಗೆ ಹಂಚಿಹೋಗುತ್ತದೆ. ಹೀಗೆ ಹೆಚ್ಚು ಸ್ಪಷ್ಟ ಕೇಳಿದರೆ ದೋಷ ಸೆಂಟರ್ ಇಟ್ಟ ಜಾಗದ್ದು ಅಥವಾ ಅದರ ಸೆಟ್ಟಿಂಗಿನದು. ಎರಡೂ ಒಂದೇ ಥರ ಮಬ್ಬಾಗಿದ್ದರೆ ಕೋಣೆಯದು.

ಯಾದಗಿರಿ_ವೈರಿಂಗ್:
ಅದರ ಜೋಡಿ ವೈರ್ ಒಂದ್ಸಲ ನೋಡಿಬಿಡ್ರಿ. ಸೆಂಟರ್‌ದು ಪ್ಲಸ್ ಮೈನಸ್ ಉಲ್ಟಾ ಆಗಿದ್ರ ಮಾತು ಒಂದು ಕಡಿ ನಿಲ್ಲಂಗಿಲ್ಲ, ಸಬ್ ಜೋಡಿ ಕೂಡೋ ಹತ್ರ ದನಿ ತೆಳ್ಳಗಾಗ್ತದ. ರಿಸೀವರ್ ಕಡಿಂದ ವೈರ್ ಬಿಚ್ಚಿ, 1.5 ವೋಲ್ಟ್ ಸೆಲ್‌ನ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಅರೆಗಳಿಗಿ ಮುಟ್ಟಿಸ್ರಿ. ವೂಫರ್ ಕೋನ್ ಹೊರಗ ಬಂದ್ರ ಸರಿ ಅದ, ಒಳಗ ಹೋದ್ರ ಉಲ್ಟಾ. ಎರಡೂ ವೂಫರ್ ಒಂದೇ ದಿಕ್ಕಿಗಿ ಹೋಗಬೇಕು. ಆಡಿಸ್ಸಿ ‘ಫೇಸ್’ (ವೈರ್ ಉಲ್ಟಾ ಅದ) ಅಂತ ಎಚ್ಚರಿಕೆ ಕೊಟ್ರ ಅದನ್ನೇ ನಂಬಬ್ಯಾಡ್ರಿ, ವೈರ್ ಸರಿ ಇದ್ರೂ ಒಮ್ಮೊಮ್ಮೆ ಬರ್ತದ. ಸೆಲ್ ಸರಿ ಅಂದ್ರ ಸ್ಕಿಪ್ ಮಾಡ್ರಿ.

ವೈರ್ 1.5 ಚದರ ಮಿ.ಮೀ. ತಾಮ್ರದ್ದು ಇದ್ರ 5 ಮೀಟರ್‌ಗೆ ಹೋಗಿ ಬರೋ ರೆಸಿಸ್ಟೆನ್ಸ್ ಸುಮಾರು 0.12 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. ದುಬಾರಿ ಕೇಬಲ್ ಬ್ಯಾಡ. ಖರೇ ತಾಮ್ರ ಹೌದೋ ಅಲ್ಲೋ ಅಂತ ಒಂದು ಎಳಿ ಬ್ಲೇಡಿಲೆ ಕೆರೆದು ನೋಡ್ರಿ. ಒಳಗ ಬೆಳ್ಳಗ ಕಂಡ್ರ ತಾಮ್ರ ಬಳದ ಅಲ್ಯೂಮಿನಿಯಂ. ಅದು ಹಗರ, ತುದಿ ಲಗೂನ ಮುರೀತದ.

ಪರ್ಸಿಮನಿ_ಕಲಬುರಗಿ:
ಸೆಲ್ ಪರೀಕ್ಷೆ ಸರಿ ಅದ. ಇನ್ಫೋದಾಗ ಡಾಲ್ಬಿ ಡಿಜಿಟಲ್ ಪ್ಲಸ್ ಅಂತ ತೋರಿಸ್ತದ. ಸೆಂಟರ್ ‘ನನ್’ ಮಾಡಿದ್ರ ನಡುವಿನ ಸೀಟಿಗೆ ಮಾತು ಚೊಕ್ಕ ಬರ್ತದ, ಡಬ್ಬಿ ದನಿ ಹೋಯ್ತು. ಆದ್ರ ತುದಿ ಸೀಟಿಗೆ ಮಾತು ಹತ್ತಿರದ ಸ್ಪೀಕರ್‌ದಾಗಿಂದ ಬರ್ಲತ್ತದ. ಯುನಿಟ್ ಮ್ಯಾಲ ಇಟ್ರ ಟೀವಿದು ಕೆಳಗಿನ 2 ಇಂಚು ಮುಚ್ಚತದ. ಉದ್ದಕ ನಿಲ್ಲಿಸಿದ್ರ ನಡೀತದೇನ್ರಿ?

ಬಿದ್ರಿ_ಆಡಿಯೋ:
ಹಾಗಾದರೆ ಖಾನೆಯೇ ಅಪರಾಧಿ. ಅಂಚಿನಿಂದ 4 ಇಂಚು ಒಳಗಿದ್ದರೆ ಕೆಳಗಿನ ಹಲಗೆ, ಮೇಲಿನ ಹಲಗೆ, ಎರಡು ಪಕ್ಕ, ನಾಲ್ಕೂ ಕಡೆಯಿಂದ ಮಾತು ತಟ್ಟಿ ತಿರುಗಿ ಬರುತ್ತದೆ. ನೇರ ಬಂದ ದನಿಗೂ ತಟ್ಟಿ ಬಂದದ್ದಕ್ಕೂ ಒಂದು ಮಿಲಿಸೆಕೆಂಡ್‌ಗೂ ಕಡಿಮೆ ಅಂತರ, ಅದಕ್ಕೇ ವ್ಯಂಜನಗಳು ಕಲಸಿಹೋಗುವುದು. ಹಿಂದಿನ ಖಾಲಿ ಜಾಗ ಬೇರೆ ಪೀಪಾಯಿಯ ಹಾಗೆ ಗುಂಯ್‌ಗುಡುತ್ತದೆ, ಗಂಡಸರ ದನಿ ಅದರಲ್ಲಿ ಮುಳುಗುತ್ತದೆ. ಆಡಿಸ್ಸಿ ‘ಲಾರ್ಜ್’ ಅಂದದ್ದಕ್ಕೂ ಈ ಸುಳ್ಳು ಬಾಸೇ ಕಾರಣ ಇರಬಹುದು.

ಗೋಡೆಯ ಬ್ರಾಕೆಟ್ ಇದ್ದರೆ ಟೀವಿಯನ್ನು 3 ಇಂಚು ಮೇಲೆತ್ತಿ, ಸೆಂಟರ್ ಅನ್ನು ಯುನಿಟ್ ಮೇಲೆ ಇಡಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆಗುವುದಿಲ್ಲ ಅಂದರೆ ಖಾನೆಯಲ್ಲೇ ಮುಂದಕ್ಕೆ ಎಳೆದು, ಮುಖ ಅಂಚಿನಿಂದ 1–2 ಸೆಂ.ಮೀ. ಹೊರಗಿರುವಂತೆ ಮಾಡಿ. ಪಕ್ಕ ಮತ್ತು ಹಿಂದಿನ ಸಂದಿಗೆ ಹತ್ತಿ ಇಲ್ಲವೇ ಫೋಮ್ ತುಂಬಿ. ಹಿಂದೆ ಪೋರ್ಟ್ ರಂಧ್ರ ಇದ್ದರೆ ಅದಕ್ಕೆ ಸುತ್ತಿದ ಕಾಲುಚೀಲ ತುರುಕಿ, ಬಾಸ್ ಕೆಲಸ ಸಬ್‌ಗೆ ಬಿಡಿ. ಸ್ಪೀಕರ್‌ನ ಅಡಿಗೆ ದಪ್ಪ ರಬ್ಬರ್ ಬುಶ್ ನಾಲ್ಕು ಸಾಕು.

ಎರಡರಲ್ಲಿ ಯಾವ ಜಾಗವಾದರೂ ಸ್ಪೀಕರ್ ಮುಖ ಕಿವಿಯ ಕಡೆ ತಿರುಗಿರಬೇಕು. ಲೆಕ್ಕ ಸುಲಭ: ಕಿವಿಯ ಎತ್ತರದಿಂದ ಟ್ವೀಟರ್ ಎತ್ತರ ಕಳೆಯಿರಿ, ದೂರದಿಂದ ಭಾಗಿಸಿ, ಸ್ಪೀಕರ್‌ನ ಆಳದಿಂದ ಗುಣಿಸಿ. ಕಿವಿ 95 ಸೆಂ.ಮೀ., ಟ್ವೀಟರ್ 55, ದೂರ 300, ಆಳ 22 ಎಂದಿಟ್ಟುಕೊಂಡರೆ ಮುಂಭಾಗ ಸುಮಾರು 3 ಸೆಂ.ಮೀ. ಏಳಬೇಕು. ಸೋಫಾದಲ್ಲಿ ಕೂತು ನೋಡಿದಾಗ ಪೆಟ್ಟಿಗೆಯ ಮೇಲ್ಭಾಗವೂ ತಳವೂ ಕಾಣದೆ ಮುಖ ಮಾತ್ರ ಕಂಡರೆ ಕೋನ ಸರಿಯಾಯಿತು.

ತುದಿ ಸೀಟಿನ ಕಥೆ ಬೇರೆ. ಎರಡು ವೂಫರ್ ಅಕ್ಕಪಕ್ಕ ಇದ್ದಾಗ, ನಡುವಿನಿಂದ ಸರಿದು ಕೂತವರಿಗೆ ಒಂದರ ದನಿ ಮುಂಚೆ, ಇನ್ನೊಂದರದು ತಡವಾಗಿ ಬರುತ್ತದೆ. ವೂಫರ್‌ಗಳ ನಡುವಿನ ಅಂತರ 30 ಸೆಂ.ಮೀ. ಇದ್ದು, 3 ಮೀಟರ್ ದೂರದಲ್ಲಿ 1 ಮೀಟರ್ ಪಕ್ಕಕ್ಕೆ ಕೂತರೆ ಸುಮಾರು 9.5 ಸೆಂ.ಮೀ. ವ್ಯತ್ಯಾಸ. ಅಂದರೆ 1800 ಹರ್ಟ್ಸ್ ಹತ್ತಿರ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಮಾತಿನ ಸ್ಪಷ್ಟತೆ ಇರುವುದೇ 1000ದಿಂದ 4000 ಹರ್ಟ್ಸ್ ಒಳಗೆ. ಇದನ್ನು ಯಾವ ಇಕ್ವಲೈಸರ್ ಕೂಡ ತುಂಬಿಕೊಡಲಾರದು. ಉದ್ದಕ್ಕೆ ನಿಲ್ಲಿಸಿದರೆ ಈ ತೊಂದರೆ ಹೋಗುತ್ತದೆ, ಖಂಡಿತ ಮಾಡಬಹುದು, ಆದರೆ ನಿಮ್ಮ ಟೀವಿ ಕೆಳಗೆ ಅಷ್ಟು ಎತ್ತರ ಇಲ್ಲ. ಮುಂದೆ ಎಂದಾದರೂ ಬದಲಿಸುವುದಾದರೆ ನಿಮ್ಮ ಎಡ ಬಲದ ಬುಕ್‌ಶೆಲ್ಫ್‌ನದೇ ಮೂರನೆಯದು ಕೊಳ್ಳಿ, ಇಲ್ಲವೇ ಟ್ವೀಟರ್ ಕೆಳಗೇ ಮಿಡ್‌ರೇಂಜ್ (ನಡುದನಿಯದು) ಇರುವ ಮೂರು ದಾರಿಯ (ತ್ರೀ-ವೇ) ಸೆಂಟರ್. ಅಂಗಡಿಯವರು ಹೇಳುವ ‘ದೊಡ್ಡದು’ ಇದಲ್ಲ.

ಜಾಗ ಗಟ್ಟಿಯಾದ ಮೇಲೆ ಆಡಿಸ್ಸಿ ಹೊಸದಾಗಿ ಓಡಿಸಿ. ಮೈಕ್ ಅನ್ನು ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ಕಟ್ಟಿ, ಸೋಫಾದ ಬೆನ್ನಿಗೆ ತಾಗಿಸಬೇಡಿ. ಮೊದಲ ಅಳತೆ ಮುಖ್ಯ ಸೀಟಿನದೇ ಆಗಿರಲಿ, ಉಳಿದವು ಅದರ ಸುತ್ತ ಒಂದೆರಡು ಅಡಿಯೊಳಗೆ. ಫ್ಯಾನ್, ಕೂಲರ್, ಫ್ರಿಜ್ ಎಲ್ಲ ಬಂದ್. ಬೇಸಿಗೆಯಲ್ಲಿ ಇದನ್ನು ಬೆಳಗಿನ ಜಾವ ಮಾಡುವುದೇ ವಾಸಿ.

ಮುಗಿದ ಮೇಲೆ ಸೆಂಟರ್ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ದನಿ ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್, ಖಾನೆಯಲ್ಲೇ ಉಳಿದರೆ 100. ರಿಸೀವರ್ ತಾನೇ 100 ಎಂದಿದ್ದರೆ 80ಕ್ಕೆ ಇಳಿಸಬೇಡಿ, ಏರಿಸಬಹುದು. ‘ಎಲ್‌ಎಫ್‌ಇ’ಯ (ಸಿನಿಮಾದ ಪ್ರತ್ಯೇಕ ಬಾಸ್ ಚಾನೆಲ್) ಲೋಪಾಸ್, ಅಂದರೆ ಮೇಲಿನ ಗಡಿ, 120ರಲ್ಲೇ ಇರಲಿ. ಸಬ್ ದೂರ ನಿಜದ ಅಳತೆಗಿಂತ ಹೆಚ್ಚು ತೋರಿಸಿದರೆ ಮುಟ್ಟಬೇಡಿ, ಸಬ್‌ನೊಳಗಿನ ಸರ್ಕ್ಯೂಟ್ ತಡವನ್ನು ಅದು ದೂರ ಎಂದು ಲೆಕ್ಕ ಹಾಕಿರುತ್ತದೆ. ಸೆಂಟರ್ ಲೆವೆಲ್ ಇನ್ನೂ ಕಮ್ಮಿ ಅನ್ನಿಸಿದರೆ 1.5ರಿಂದ 2 ಡಿಬಿ ಏರಿಸಿ. 3 ದಾಟಿದರೆ ಗಾಡಿ ಎಡದಿಂದ ಬಲಕ್ಕೆ ಹೋಗುವಾಗ ನಡುವಲ್ಲಿ ಒಮ್ಮೆ ಜೋರಾಗಿ ಕೂಗಿ ಹೋದಂತಾಗುತ್ತದೆ.

ಕೌದಿ_ಕಂಬಳಿ:
ಅಣ್ಣಾ ಹೇಳಿದ್ದು ಎಲ್ಲ ಸರಿ ಅದ, ಆದ್ರ ಕೂಲರ್ ಬಿಟ್ಟುಬಿಟ್ರು. ನಮ್ ಕಡಿ ಏಪ್ರಿಲ್, ಮೇನಾಗ ಕೂಲರ್ ಬಂದ್ ಮಾಡಿ ಸಿನಿಮಾ ನೋಡೋರು ಯಾರು? ಅದರ ಗಾಳಿ ಸದ್ದು ಮಾತಿನ ಪಟ್ಟಿಯೊಳಗೇ ಹರಡಿರ್ತದ, ಮಾತು ಮುಚ್ಚಿಹೋಗ್ತದ. ಆಗ 3 ಡಿಬಿ ಏನು, 4 ಏರಿಸಿದ್ರೂ ತಪ್ಪಿಲ್ಲ. ಆದ್ರ ಸ್ಪೀಕರ್ ಸೆಟಪ್‌ನಾಗ ಮುಟ್ಟಬ್ಯಾಡ್ರಿ. ರಿಮೋಟ್‌ನ ಆಪ್ಷನ್ ಒತ್ತಿದ್ರ ‘ಚಾನೆಲ್ ಲೆವೆಲ್ ಅಡ್ಜಸ್ಟ್’ ಸಿಗ್ತದ, ಅಲ್ಲಿ ಏರಿಸ್ರಿ, ಕೂಲರ್ ನಿಂತ ಮ್ಯಾಲ ಸೊನ್ನಿಗೆ ತರ್ರಿ. ಡೈನಾಮಿಕ್ ವಾಲ್ಯೂಮ್ ಇದ್ರ ‘ಲೈಟ್’ ಸಾಕು, ಫೈಟ್‌ಗೂ ಮಾತಿಗೂ ಇರೋ ಅಂತರ ಕಡಿಮಿ ಆಗ್ತದ. ಡೈನಾಮಿಕ್ ಇಕ್ಯೂ ಆನ್ ಇದ್ರ ಕಡಿಮಿ ವಾಲ್ಯೂಮ್‌ನಾಗ ಬಾಸ್, ಹಿಂದಿನ ಸರೌಂಡ್ ಎರಡನ್ನೂ ಎತ್ತಿಹಿಡೀತದ. ಹಂಗ ಎತ್ತೋದನ್ನ ಕಡಿಮಿ ಮಾಡೋ ‘ರೆಫರೆನ್ಸ್ ಆಫ್‌ಸೆಟ್’ 10ಕ್ಕೆ ಇಟ್ರ ಮಾತು ಹೊರಗ ಬರ್ತದ.

ಇನ್ನ ಪರ್ಸಿ. ಹಾಲ್ ನಡುವ ನಿಂತು ಚಪ್ಪಾಳಿ ಹೊಡೀರಿ. ‘ಟರ್ರ್’ ಅಂತ ಎಳೆದ್ರ ಎರಡು ಬೋಳು ಗೋಡಿ ನಡುವ ದನಿ ಓಡಾಡ್ಲತ್ತದ ಅಂತ ತಿಳೀರಿ. ಟೀವಿಗೂ ಸೋಫಾಕ್ಕೂ ನಡುವ ಬರೇ ಜಮಖಾನ ಹಾಸಿದ್ರ ಮ್ಯಾಲಿನ ಫ್ರೀಕ್ವೆನ್ಸಿ ಅಷ್ಟೇ ಹೀರ್ತದ, ದನಿ ಮಂಕಾಗಿ ಗುಂಯ್ ಹಂಗೇ ಉಳೀತದ. ಕೆಳಗ ಎರಡು ಮೂರು ಪದರ ಕೌದಿ ಹಾಸಿ ಅದರ ಮ್ಯಾಲ ಜಮಖಾನ ಹಾಕ್ರಿ. ಗೋಡಿಗೆ 50 ಮಿ.ಮೀ. ರಾಕ್‌ವೂಲ್ (ದನಿ ಹೀರೋ ಕಲ್ಲುನಾರಿನ ಹಾಸು), 4 ಅಡಿ 2 ಅಡಿ ಚೌಕಟ್ಟಿನಾಗ ಕೂಡಿಸಿ ಹತ್ತಿ ಅರಿವಿ ಸುತ್ತಿ ತೂಗುಹಾಕ್ರಿ, ಗೋಡಿಯಿಂದ 2 ಇಂಚು ಬಿಟ್ರ ಇನ್ನೂ ಕೆಳಗಿನ ಫ್ರೀಕ್ವೆನ್ಸಿ ಹಿಡೀತದ. ಪಕ್ಕದ ಗೋಡಿ ಗುಂಟ ಒಬ್ಬರು ಕನ್ನಡಿ ಸರಿಸ್ತಾ ಹೋಗ್ಲಿ, ಸೋಫಾದಾಗ ಕೂತವರಿಗೆ ಸೆಂಟರ್ ಕಂಡ ಜಾಗಕ್ಕೇ ಒಂದೊಂದು ಸಾಕು. ರಾಕ್‌ವೂಲ್ ಕೊಯ್ಯೋವಾಗ ಮಾಸ್ಕ್, ಕೈಗವಸು ಹಾಕೋರಿ, ಎಳಿ ಚುಚ್ಚತಾವ.

ಪರ್ಸಿಮನಿ_ಕಲಬುರಗಿ:
ಬ್ರಾಕೆಟ್ ಅದರಿ, ಟೀವಿನೇ ಎತ್ತತೀನಿ. ಕೌದಿ ಮೊದಲೋ ಆಡಿಸ್ಸಿ ಮೊದಲೋ?

ಬಿದ್ರಿ_ಆಡಿಯೋ:
ಕೌದಿ, ಪರದೆ, ಪ್ಯಾನೆಲ್ ಎಲ್ಲ ಮೊದಲು. ಆಡಿಸ್ಸಿ ಕೊನೆಗೆ, ಕೋಣೆ ಹೇಗಿದೆಯೋ ಹಾಗೇ ಅದು ಅಳೆಯುವುದು. ಕೂಲರ್ ವಿಷಯದಲ್ಲಿ ಕೌದಿ ಅಕ್ಕನವರ ಮಾತೇ ಸರಿ. ಆದರೆ ಕೂಲರ್ ಕಿಟಕಿಯ ಹೊರಗೆ ಇಡುವ ಅನುಕೂಲ ಇದ್ದರೆ ಲೆವೆಲ್ ಏರಿಸುವ ಮೊದಲು ಅದನ್ನು ಮಾಡಿ. ಟೀವಿ ಎತ್ತಿದ ಮೇಲೆ ಟ್ವೀಟರ್ ಎತ್ತರ ಬದಲಾಗುತ್ತದೆ, ಆ 3 ಸೆಂ.ಮೀ. ಲೆಕ್ಕ ಹೊಸದಾಗಿ ಹಾಕಿ. ಅಳತೆ ಮುಗಿದ ಮೇಲೆ ಟೆಸ್ಟ್ ಟೋನ್ ಹಚ್ಚಿ, ಮೊಬೈಲ್ ಡೆಸಿಬೆಲ್ ಆ್ಯಪ್‌ನಲ್ಲಿ ‘ಸಿ’ ವೇಟಿಂಗ್, ‘ಸ್ಲೋ’ ಇಟ್ಟು ಮೂರೂ ಮುಂದಿನ ಸ್ಪೀಕರ್ ನೋಡಿ. ಮೊಬೈಲ್ 75 ತೋರಿಸುತ್ತದೋ 71 ತೋರಿಸುತ್ತದೋ ಮುಖ್ಯವಲ್ಲ, ಮೂರಕ್ಕೂ ಒಂದೇ ಅಂಕಿ ಬರಬೇಕು.