1:43 ಅಳತೆಯ ಹಳೆಯ ಪೆಟ್ರೋಲ್ ಬಂಕ್: ಛಾವಣಿಯ ಮೂಲೆಗಳು ಮೇಲೇಳುತ್ತಿವೆ, ಕಿಟಕಿಗಳು ಮಂಜಾಗಿವೆ

ಪ್ರಶ್ನೆ (ಮೈಸೂರು, ಸರಸ್ವತಿಪುರಂ)

ಎಲ್ಲರಿಗೂ ನಮಸ್ಕಾರ. ಮೈಸೂರು–ಬೆಂಗಳೂರು ರಸ್ತೆಯ ಬದಿಯಲ್ಲಿ 1965ರ ಸುಮಾರಿಗೆ ಇದ್ದಿರಬಹುದಾದಂಥ ಒಂದು ಪೆಟ್ರೋಲ್ ಬಂಕನ್ನೂ ಅದಕ್ಕೆ ಅಂಟಿಕೊಂಡ ರಿಪೇರಿ ಗ್ಯಾರೇಜನ್ನೂ 1:43 ಅಳತೆಯಲ್ಲಿ, ಅಂದರೆ ನಿಜದ 43ನೇ ಒಂದು ಭಾಗದಷ್ಟು ಚಿಕ್ಕ ಮಾದರಿಯಾಗಿ, ಕಟ್ಟುತ್ತಿದ್ದೇನೆ. ನವರಾತ್ರಿಯಲ್ಲಿ ಬೊಂಬೆ ಕೂಡಿಸುವಾಗ ಕೊನೆಯ ಮೆಟ್ಟಿಲಿನ ಕೆಳಗೆ, ಪುಟ್ಟ ಉದ್ಯಾನ ಮಾಡುವ ಜಾಗದಲ್ಲಿ ಇದನ್ನು ಇಡಬೇಕೆಂಬುದು ನನ್ನ ತಾಯಿಯವರ ಆಸೆ. ಅದಕ್ಕೆ ಇನ್ನು ಐದು ವಾರಗಳಷ್ಟೇ ಉಳಿದಿವೆ.

ತೊಂದರೆ ಇರುವುದು ಪಂಪುಗಳ ಮೇಲೆ ಚಾಚಿಕೊಂಡಿರುವ ಸಮತಟ್ಟಾದ ಛಾವಣಿಯಲ್ಲಿ. ಅದರ ಉದ್ದ 210 ಮಿ.ಮೀ., ಅಗಲ 130 ಮಿ.ಮೀ.; ನಿಜದ ಕಟ್ಟಡದಲ್ಲಿ ಇದು ಸುಮಾರು 9 ಮೀಟರ್ ಮತ್ತು 5.6 ಮೀಟರ್ ಆಗುತ್ತದೆ. 2 ಮಿ.ಮೀ. ದಪ್ಪದ ಮೌಂಟ್ ಬೋರ್ಡನ್ನು (ದಪ್ಪ ರಟ್ಟಿನ ಹಲಗೆಯನ್ನು) ಕತ್ತರಿಸಿ, ಮೇಲ್ಭಾಗಕ್ಕೆ ಬಿಳಿ ಗೋಂದಿನಲ್ಲಿ ದಪ್ಪ ಕಾಗದವನ್ನು ಅಂಟಿಸಿ, ಅದು ಒಣಗಿದ ಮೇಲೆ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ಬಳಿದೆ. ಎರಡು ದಿನ ಕಳೆಯುವುದರೊಳಗೆ ನಾಲ್ಕೂ ಮೂಲೆಗಳು ಸುಮಾರು 4 ಮಿ.ಮೀ. ಮೇಲೆದ್ದವು. ಒಂದು ರಾತ್ರಿಯಿಡೀ ನಿಘಂಟುಗಳ ಭಾರದ ಕೆಳಗೆ ಇಟ್ಟಾಗ ನೆಟ್ಟಗಾಯಿತಾದರೂ, ಮರುದಿನ ಸಂಜೆಯ ಹೊತ್ತಿಗೆ ಮತ್ತೆ ಮೊದಲಿನ ಸ್ಥಿತಿಗೆ ಬಂತು.

ಇದರ ಜೊತೆಗೆ ಗ್ಯಾರೇಜಿನ ಕಿಟಕಿಗಳಿಗೆ ಪಾರದರ್ಶಕ ಹಾಳೆಯನ್ನು ಕ್ಷಣದಲ್ಲಿ ಹಿಡಿಯುವ ಅಂಟಿನಿಂದ ಕೂರಿಸಿದ್ದೆ. ಬೆಳಗ್ಗೆ ನೋಡಿದರೆ ಹಾಳೆಯ ಒಳಮೈಯೆಲ್ಲ ಬೆಳ್ಳಗೆ ಮಂಜು ಕವಿದಂತಾಗಿದೆ. ಹೊರಗೆ ಬಿಡದೆ ಮಳೆ ಹಿಡಿದಿದೆ. ಎಲ್ಲಕ್ಕೂ ಮಳೆಗಾಲದ ತೇವವೇ ಕಾರಣವೋ, ಅಥವಾ ನಾನೇ ಏನಾದರೂ ತಪ್ಪು ಮಾಡಿದ್ದೇನೆಯೋ ತಿಳಿಸಿ.

ಉತ್ತರ 1 (ಮಂಡ್ಯ)

ತೇವಕ್ಕೆ ಇದರಲ್ಲಿ ಪಾಲಿದೆ, ಆದರೆ ಛಾವಣಿ ಬಾಗಿರುವುದಕ್ಕೆ ಮಳೆಯನ್ನು ದೂರಬೇಡಿ. ಇದೇ ಕೆಲಸವನ್ನು ನೀವು ಏಪ್ರಿಲ್ ತಿಂಗಳಲ್ಲಿ ಮಾಡಿದ್ದರೂ ಮೂಲೆಗಳು ಮೇಲೇಳುತ್ತಿದ್ದವು. ಕಾರಣ, ನೀವು ಹಲಗೆಯ ಒಂದೇ ಮುಖಕ್ಕೆ ನೀರು ಕುಡಿಸಿದ್ದೀರಿ.

ಬಿಸಿಲಿಗೆ ಹಾಕಿದ ಹಪ್ಪಳವನ್ನು ನೆನಪಿಸಿಕೊಳ್ಳಿ. ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಕೆಳಮೈ ಇನ್ನೂ ಹಸಿಯಾಗಿರುತ್ತದೆ, ಅಂಚುಗಳು ಬಿಸಿಲಿನ ಕಡೆಗೆ ಎದ್ದು ನಿಲ್ಲುತ್ತವೆ. ಮನೆಯವರು ಹಪ್ಪಳವನ್ನು ಮಗುಚಿ ಹಾಕುವುದು ಇದಕ್ಕಾಗಿಯೇ. ನಿಮ್ಮ ಛಾವಣಿಯಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಗೋಂದಿನಲ್ಲಿದ್ದ ನೀರನ್ನು ಹೀರಿ ಹಿಗ್ಗಿದ ಕಾಗದ, ಹಿಗ್ಗಿದ ಸ್ಥಿತಿಯಲ್ಲಿಯೇ ಹಲಗೆಗೆ ಅಂಟಿಕೊಂಡಿತು. ಆಮೇಲೆ ಒಣಗುತ್ತ ಕುಗ್ಗಿದಾಗ ಹಲಗೆಯನ್ನೂ ತನ್ನ ಕಡೆಗೆ ಎಳೆದುಕೊಂಡಿತು. ಅದರ ಮೇಲೆ ಬಳಿದ ಬಣ್ಣವೂ ಒಣಗುವಾಗ ಅದೇ ದಿಕ್ಕಿಗೆ ಎಳೆಯಿತು. ಕೆಳಮುಖದಲ್ಲಿ ಇದಕ್ಕೆ ಎದುರಾಗಿ ಎಳೆಯುವಂಥದ್ದು ಏನೂ ಇರಲಿಲ್ಲ. ಭಾರ ಹೇರಿದಾಗ ನೆಟ್ಟಗಾಗಿ, ತೆಗೆದ ಮೇಲೆ ಮತ್ತೆ ಬಾಗುವುದಕ್ಕೂ ಇದೇ ಕಾರಣ: ಎಳೆತ ಒಳಗೇ ಉಳಿದಿದೆ.

ಪರಿಹಾರವೂ ಅದರಲ್ಲಿಯೇ ಇದೆ. ಮೇಲೆ ಅಂಟಿಸಿದ ಅದೇ ಕಾಗದವನ್ನು, ಅದೇ ಗೋಂದಿನಿಂದ, ಅಷ್ಟೇ ತೆಳುವಾಗಿ ಕೆಳಮುಖಕ್ಕೂ ಅಂಟಿಸಿ ಅಷ್ಟೇ ಸಲ ಬಣ್ಣ ಬಳಿಯಬೇಕು. ಕೆಳಗಿನಿಂದ ಯಾರೂ ನೋಡುವುದಿಲ್ಲ ಎಂದು ಬಿಟ್ಟುಬಿಡಬಾರದು. ಪ್ಲೈವುಡ್ಡಿನಲ್ಲಿ ಪದರಗಳ ಸಂಖ್ಯೆ ಸಾಮಾನ್ಯವಾಗಿ ಮೂರು, ಐದು, ಏಳು ಹೀಗೆ ಬೆಸವಾಗಿಯೇ ಇರುವುದು ಈ ಸಮತೋಲಕ್ಕಾಗಿ. ನಡುವಿನ ಪದರದ ಎರಡೂ ಬದಿಯ ಎಳೆತ ಒಂದಕ್ಕೊಂದು ಸರಿದೂಗುತ್ತದೆ.

ಅಂಟಿಸುವ ಮೊದಲು ಕಾಗದದ ನಾರು ಯಾವ ದಿಕ್ಕಿಗಿದೆ ಎಂಬುದನ್ನು ತಪ್ಪದೆ ನೋಡಿಕೊಳ್ಳಿ. ಎರಡು ಇಂಚಿನ ಚೌಕದ ತುಂಡೊಂದನ್ನು ಕತ್ತರಿಸಿ, ಒಂದು ಮುಖವನ್ನು ಮಾತ್ರ ಒದ್ದೆ ಬೆರಳಿನಿಂದ ಸವರಿದರೆ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆಯ ಉದ್ದ ಯಾವ ಕಡೆಗಿದೆಯೋ ನಾರಿನ ದಿಕ್ಕೂ ಅದೇ. ನಾರು ನೀರು ಕುಡಿದಾಗ ಉದ್ದಕ್ಕಿಂತ ಅಗಲದಲ್ಲಿಯೇ ಹೆಚ್ಚು ಹಿಗ್ಗುತ್ತದೆ. ಮೇಲಿನ ಕಾಗದದ ನಾರು ಉದ್ದಕ್ಕಿದ್ದು ಕೆಳಗಿನದು ಅಡ್ಡಕ್ಕಿದ್ದರೆ, ಬಾಗಿದ ಛಾವಣಿ ಈಗ ತಿರುಚಿಕೊಳ್ಳುತ್ತದೆ. ಅದು ಇನ್ನೂ ಕೆಟ್ಟದ್ದು.

ಉತ್ತರ 2 (ಶ್ರೀರಂಗಪಟ್ಟಣ)

ಮೇಲಿನ ವಿವರಣೆಯನ್ನು ನಾನು ಒಪ್ಪುತ್ತೇನೆ. ಆದರೆ ಐದು ವಾರಗಳಷ್ಟೇ ಇರುವಾಗ ಬಾಗಿದ ಹಲಗೆಯೊಡನೆ ಹೋರಾಡುವುದಕ್ಕಿಂತ 3 ಮಿ.ಮೀ. ಸನ್‌ಬೋರ್ಡಿನಲ್ಲಿ ಹೊಸದನ್ನು ಕತ್ತರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಅದು ಪ್ಲಾಸ್ಟಿಕ್ ನೊರೆಯ ಹಲಗೆ, ನೀರನ್ನು ಹೀರುವುದಿಲ್ಲ. ಅಳತೆಗೂ ಅದೇ ಸರಿ: 1:43ರಲ್ಲಿ 3 ಮಿ.ಮೀ. ಎಂದರೆ ನಿಜದಲ್ಲಿ ಸುಮಾರು 130 ಮಿ.ಮೀ., ಅಂದರೆ ಐದು ಇಂಚಿನ ಕಾಂಕ್ರೀಟ್ ಚಪ್ಪಡಿ. ನಿಮ್ಮ 2 ಮಿ.ಮೀ. ಬೋರ್ಡು ಮೂರೂವರೆ ಇಂಚಿನ ಚಪ್ಪಡಿಗೆ ಸಮನಾಗುವುದರಿಂದ, 9 ಮೀಟರ್ ಉದ್ದದ ಛಾವಣಿಗೆ ಅದು ಕಣ್ಣಿಗೇ ತೆಳುವೆನಿಸುತ್ತದೆ. ಅಗ್ಗವಾಗಿ ಸಿಗುತ್ತದೆಂದು ಥರ್ಮೋಕೋಲ್ ಕಡೆಗೆ ಮಾತ್ರ ಹೋಗಬೇಡಿ. ಸ್ಪ್ರೇ ಬಣ್ಣದಲ್ಲಿರುವ ಥಿನ್ನರ್ ತಾಗಿದ ಕಡೆಯೆಲ್ಲ ಅದು ಕರಗಿ ಗುಳಿ ಬೀಳುತ್ತದೆ.

ಇನ್ನು ಕಿಟಕಿಯ ವಿಷಯ. ಕ್ಷಣದಲ್ಲಿ ಹಿಡಿಯುವ ಅಂಟು ಸಯನೋಅಕ್ರಿಲೇಟ್. ಅದು ಗಟ್ಟಿಯಾಗುವುದೇ ಗಾಳಿಯಲ್ಲಿರುವ ಮತ್ತು ಮೇಲ್ಮೈಯಲ್ಲಿರುವ ತೇವದಿಂದ. ಹಿಡಿಯುವಾಗ ಹೊರಡುವ ಅದರ ಆವಿ ಹತ್ತಿರದ ನುಣುಪಾದ ಮೈಮೇಲೆ ಕುಳಿತು ಅಲ್ಲಿಯೇ ಗಟ್ಟಿಯಾಗುತ್ತದೆ. ನೀವು ಕಂಡ ಬಿಳಿ ಮಂಜು ಅದೇ. ಅಂಟು ಹೆಚ್ಚಾದಷ್ಟೂ, ಆವಿ ಹೊರಹೋಗಲು ಜಾಗ ಕಡಿಮೆಯಾದಷ್ಟೂ ಮಂಜು ಹೆಚ್ಚಾಗುತ್ತದೆ. ನೀವು ನಾಲ್ಕು ಗೋಡೆ ಮುಚ್ಚಿದ ಮೇಲೆ ಕಿಟಕಿ ಕೂರಿಸಿದ್ದೀರೆಂದು ತೋರುತ್ತದೆ. ಪಾರದರ್ಶಕ ಹಾಳೆಗಳಿಗೆ ಬಿಳಿ ಗೋಂದೇ ಸಾಕು. ಕಡ್ಡಿಯ ತುದಿಯಲ್ಲಿ ಚೌಕಟ್ಟಿನ ಅಂಚಿಗಷ್ಟೇ ಸವರಿದರೆ, ಒಣಗಿದ ಮೇಲೆ ಅದು ಕಾಣುವುದೇ ಇಲ್ಲ. ಈಗಿರುವ ಹಾಳೆಯನ್ನು ಬಿಡಿಸಲು ಆಗದಿದ್ದರೆ, ಹೊಳಪಿನ ಪಾರದರ್ಶಕ ವಾರ್ನಿಷನ್ನು ತೆಳುವಾಗಿ ಬಳಿಯಿರಿ. ಮಂಜು ಬಹುಮಟ್ಟಿಗೆ ಮರೆಯಾಗುತ್ತದೆ.

ಗ್ಯಾರೇಜಿನ ಕಿಟಕಿ ಮಂಕಾಗಿದ್ದರೇ ಚೆನ್ನ ಎಂದು ಕೆಲವರು ಹೇಳಬಹುದು. ನಾನು ಹಾಗೆ ಭಾವಿಸುವುದಿಲ್ಲ. ನಿಜದ ಗ್ಯಾರೇಜಿನ ಗಾಜಿನಲ್ಲಿ ದೂಳು ಕೆಳಗಿನ ಮೂಲೆಗಳಲ್ಲಿ ದಟ್ಟವಾಗಿ ಕಟ್ಟಿರುತ್ತದೆ, ಗ್ರೀಸಿನ ಬೆರಳಚ್ಚು ಚಿಲಕದ ಸುತ್ತ ಇರುತ್ತದೆ, ನಡುವೆ ಯಾರೋ ಅಂಗೈಯಿಂದ ಒರೆಸಿದ ಜಾಗ ಇರುತ್ತದೆ. ಅಂಟಿನ ಮಂಜಿಗೆ ಈ ಯಾವ ಲಕ್ಷಣವೂ ಇರುವುದಿಲ್ಲ. ಎಲ್ಲೆಡೆ ಒಂದೇ ಸಮನಾಗಿ ಹರಡಿರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗೋಡೆಗಳನ್ನು ಮುಚ್ಚಿದ ಮೇಲೆಯೇ ಕಿಟಕಿ ಕೂರಿಸಿದ್ದು ನಿಜ. ಒದ್ದೆ ಬೆರಳಿನ ಪರೀಕ್ಷೆಯನ್ನೂ ಮಾಡಿದೆ. ನಾನು ಮೇಲೆ ಅಂಟಿಸಿದ ಕಾಗದದ ನಾರು ಛಾವಣಿಯ ಅಗಲದ ದಿಕ್ಕಿಗೆ ಇದೆ. ಸನ್‌ಬೋರ್ಡಿನಲ್ಲಿ ಹೊಸದಾಗಿ ಮಾಡುವುದು ಸುಲಭವೆಂದು ನನಗೂ ಅನಿಸುತ್ತದೆ. ಆದರೆ ಛಾವಣಿಯ ಸುತ್ತ ಕೈಯಲ್ಲಿ ಬರೆದ ಪಟ್ಟಿ ಇದೆ. ನಾಲ್ಕು ಸಂಜೆ ಕೂತು ಬರೆದ ಅಕ್ಷರಗಳನ್ನು ಬಿಸಾಡಲು ಮನಸ್ಸು ಬರುತ್ತಿಲ್ಲ. ಹಳೆಯದನ್ನೇ ಉಳಿಸಿಕೊಳ್ಳುವ ದಾರಿ ಇದೆಯೇ?

ಉತ್ತರ 1 (ಮಂಡ್ಯ)

ಇದೆ. ಕೆಳಮುಖಕ್ಕೆ ಕಾಗದ ಅಂಟಿಸುವಾಗ ನಾರನ್ನು ಅಗಲದ ದಿಕ್ಕಿಗೇ ಇಟ್ಟು, ಅಂಟಿಸಿದ ತಕ್ಷಣ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಹಾಕಿ ಒತ್ತಿಟ್ಟು, ಕಡಿಮೆಯೆಂದರೂ ಮೂರು ದಿನ ಮುಟ್ಟಬೇಡಿ. ಪ್ಲಾಸ್ಟಿಕ್ಕಿನ ನಡುವೆ ನೀರು ಬೇಗ ಆರುವುದಿಲ್ಲವಾದ್ದರಿಂದ, ದಿನಕ್ಕೊಮ್ಮೆ ಹಾಳೆಯನ್ನು ಒರೆಸಿ ಮತ್ತೆ ಭಾರ ಹೇರಿ.

ಅದಾದ ಮೇಲೆ ಸೈಕಲ್ ಅಂಗಡಿಯಿಂದ ಎರಡು ಕಡ್ಡಿಗಳನ್ನು ತನ್ನಿ. ಸಾಮಾನ್ಯ ಸೈಕಲ್ ಕಡ್ಡಿ 2 ಮಿ.ಮೀ. ದಪ್ಪವಿದ್ದು ಬಲು ನೆಟ್ಟಗಿರುತ್ತದೆ. ಛಾವಣಿಯ ಕೆಳಗೆ ಉದ್ದಕ್ಕೂ ಎರಡು ಸಾಲಾಗಿ ಅದನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಸುತ್ತ ತೆಳುವಾದ ರಟ್ಟಿನ ಪಟ್ಟಿ ಕಟ್ಟಿ ಬಣ್ಣ ಬಳಿದರೆ, ಚಪ್ಪಡಿಯ ಕೆಳಗಿನ ತೊಲೆಗಳಂತೆಯೇ ಕಾಣುತ್ತದೆ. ಕಂಬಗಳ ತಲೆ ಈ ತೊಲೆಗಳಿಗೇ ಸೇರಲಿ. ಭಾರ ರಟ್ಟಿನ ಮೇಲೆ ಬೀಳಬಾರದು. ಅಂಚಿಗೆ ಸುತ್ತಿದ ಪಟ್ಟಿಯ ಒಳಗೆ ಇನ್ನೊಂದು ಪಟ್ಟಿ ಸೇರಿಸಿದರೆ ಛಾವಣಿಯ ದಪ್ಪವೂ 3 ಮಿ.ಮೀ. ಆಗಿ ಕಾಣುತ್ತದೆ.

ಉತ್ತರ 3 (ಮೈಸೂರು, ಯಾದವಗಿರಿ)

ಪಟ್ಟಿಯನ್ನು ಉಳಿಸಿಕೊಳ್ಳುವ ಮೊದಲು ಅದರ ಮೇಲೆ ಏನು ಬರೆದಿದ್ದೀರೆಂದು ಹೇಳಿ. ನೀವು ಹಾಕಿರುವ ಚಿತ್ರದಲ್ಲಿ ನನಗೆ ‘ಭಾರತ್ ಪೆಟ್ರೋಲಿಯಂ’ ಎಂದು ಕಾಣುತ್ತಿದೆ. 1965ರ ಬಂಕಿನ ಮೇಲೆ ಆ ಹೆಸರು ಇರಲು ಸಾಧ್ಯವಿಲ್ಲ. ಬರ್ಮಾ ಶೆಲ್ ರಾಷ್ಟ್ರೀಕರಣಗೊಂಡದ್ದು 1976ರಲ್ಲಿ. ಭಾರತ್ ಪೆಟ್ರೋಲಿಯಂ ಎಂಬ ಹೆಸರು ಬಂದದ್ದು ಆಮೇಲೆ. ಎಸ್ಸೊ 1974ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ನಿಮ್ಮ ಕಾಲಕ್ಕೆ ಹೊಂದುವುದು ಬರ್ಮಾ ಶೆಲ್, ಎಸ್ಸೊ, ಕಾಲ್ಟೆಕ್ಸ್ ಅಥವಾ 1964ರಲ್ಲಿ ಈಗಿನ ರೂಪ ತಳೆದ ಇಂಡಿಯನ್ ಆಯಿಲ್. ನಾಲ್ಕು ಸಂಜೆಗಳ ಶ್ರಮ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ತೆಗೆಯಬೇಕೆಂದೇ ಹೇಳುತ್ತೇನೆ. ಬೊಂಬೆ ನೋಡಲು ಬರುವ ಹಿರಿಯರು ಮೊದಲು ಓದುವುದು ಆ ಅಕ್ಷರಗಳನ್ನೇ.

ಅದೇ ಚಿತ್ರದಲ್ಲಿ ಅಂಬಾಸಿಡರ್ ಕಾರಿಗೆ ‘ಕೆಎ’ ಎಂದು ಆರಂಭವಾಗುವ ಸಂಖ್ಯಾಫಲಕ ಹಾಕಿದ್ದೀರಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೇ 1973ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ಮೈಸೂರು ರಾಜ್ಯದ ವಾಹನಗಳ ಸಂಖ್ಯೆ ‘ಎಂವೈ’ ಎಂದು ಶುರುವಾಗುತ್ತಿತ್ತು. ಗ್ಯಾರೇಜಿನ ಮುಂದಿರುವ ಯೆಜ್ಡಿ ಬೈಕನ್ನೂ ಜಾವಾ ಮಾಡಿ. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಆಗ ಹೊರಬರುತ್ತಿದ್ದದ್ದು ಜಾವಾ. ಯೆಜ್ಡಿ ಎಂಬ ಹೆಸರು ಬಂದದ್ದು 70ರ ದಶಕದಲ್ಲಿ. ಅದು ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿನೊಡನೆ ಆಯಿಲ್ ಬೆರೆಸಿಯೇ ಹಾಕಬೇಕಿತ್ತು. ಪಂಪಿನ ಬುಡದಲ್ಲಿ ಒಂದು ಆಯಿಲ್ ಡಬ್ಬ ಮತ್ತು ಉದ್ದ ಮೂತಿಯ ಅಳತೆಪಾತ್ರೆಯನ್ನು ಇಟ್ಟರೆ ದೃಶ್ಯಕ್ಕೆ ಜೀವ ಬರುತ್ತದೆ. ಪಾತ್ರೆಗೆ ಖಾಲಿ ಬಾಲ್‌ಪೆನ್ ರೀಫಿಲ್ಲಿನ 4 ಮಿ.ಮೀ. ತುಂಡು ಸಾಕು, ಮೂತಿಗೆ ಗುಂಡುಸೂಜಿಯನ್ನು ಬಗ್ಗಿಸಿ ಅಂಟಿಸಿ.

ಹೊಸ ಪಟ್ಟಿಗೆ ಡೀಕಾಲ್ (ನೀರಿನಲ್ಲಿ ನೆನೆಸಿ ಹಾಳೆಯಿಂದ ಜಾರಿಸಿ ಕೂರಿಸುವ, ಅಕ್ಷರ ಮುದ್ರಿಸಿದ ತೆಳು ಪೊರೆ) ಬಳಸುವುದಾದರೆ ಒಂದು ಎಚ್ಚರಿಕೆ: ಒರಟಾದ ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಕ್ಷರಗಳ ಸುತ್ತ ಬೆಳ್ಳಿಯಂತೆ ಹೊಳೆಯುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೀಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್. ಇಂಕ್‌ಜೆಟ್ ಮುದ್ರಣವಾದರೆ ನೀರಿಗೆ ಹಾಕುವ ಮೊದಲೇ ಹಾಳೆಯ ಮೇಲೆ ಪಾರದರ್ಶಕ ಲೇಪನ ಕೊಡಿ, ಇಲ್ಲದಿದ್ದರೆ ಶಾಯಿ ಕರಗಿಹೋಗುತ್ತದೆ. ಮಳೆ ಸುರಿಯುತ್ತಿರುವ ದಿನ ಸ್ಪ್ರೇ ವಾರ್ನಿಷನ್ನು ಮುಟ್ಟಲೇಬೇಡಿ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರಲ್ಲಿ ಸೇರಿ ಬಿಳುಪು ಹಿಡಿಯುತ್ತದೆ. ಇದಕ್ಕೆ ಮಾತ್ರ ನೀವು ಮಳೆಯನ್ನು ದೂರಬಹುದು.

ಪ್ರಶ್ನೆ ಕೇಳಿದವರು (ಹನ್ನೆರಡು ದಿನಗಳ ನಂತರ)

ಹೇಳಿದಂತೆಯೇ ಮಾಡಿದೆ. ಕೆಳಮುಖಕ್ಕೆ ಕಾಗದ ಅಂಟಿಸಿ, ಗಾಜಿನ ನಡುವೆ ನಾಲ್ಕು ದಿನ ಇಟ್ಟು, ಸೈಕಲ್ ಕಡ್ಡಿಗಳನ್ನು ಕೂರಿಸಿದೆ. ಒಂದು ವಾರದಿಂದ ಭಾರವಿಲ್ಲದೆ ಮೇಜಿನ ಮೇಲೆಯೇ ಇದೆ. ಉಕ್ಕಿನ ಸ್ಕೇಲನ್ನು ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿದರೆ, ನಡುವೆ ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಸಂದು ಮಾತ್ರ ಕಾಣುತ್ತದೆ. ಹಳೆಯ ಪಟ್ಟಿಯನ್ನು ಬ್ಲೇಡಿನಿಂದ ಎಬ್ಬಿಸಿ ತೆಗೆದು, ಹಳದಿಯ ಮೇಲೆ ಕೆಂಪಿನಲ್ಲಿ ‘ಬರ್ಮಾ ಶೆಲ್’ ಎಂದು ಮತ್ತೆ ಕೈಯಲ್ಲಿಯೇ ಬರೆದಿದ್ದೇನೆ. ಈ ಸಲ ಎರಡೇ ಸಂಜೆಗಳು ಹಿಡಿದವು.

ಕಿಟಕಿಗಳಲ್ಲಿ ಮೂರನ್ನು ಬದಲಾಯಿಸಿದೆ. ಹಿಂಬದಿಯ ಒಂದನ್ನು ಬಿಡಿಸಲು ಹೋದಾಗ ಚೌಕಟ್ಟು ಸೀಳತೊಡಗಿದ್ದರಿಂದ ಅದಕ್ಕೆ ವಾರ್ನಿಷ್ ಬಳಿದು ಬಿಟ್ಟಿದ್ದೇನೆ. ಮಂಜು ಮುಕ್ಕಾಲು ಪಾಲು ಹೋಗಿದೆ. ಜಾವಾಕ್ಕೆ ಮರೂನ್ ಬಣ್ಣ ಒಣಗುತ್ತಿದೆ, ಆಯಿಲ್ ಅಳತೆಪಾತ್ರೆ ಪಂಪಿನ ಪಕ್ಕದಲ್ಲಿ ಕುಳಿತಿದೆ. ಮ್ಯಾಟ್ ವಾರ್ನಿಷ್ ಒಂದೇ ಬಾಕಿ, ಅದಕ್ಕೆ ಒಣ ಬಿಸಿಲಿನ ದಿನವೊಂದನ್ನು ಕಾಯುತ್ತಿದ್ದೇನೆ.