ಆಟಿಸಂ ಇದೆ, ನಿಯಮ ಮುರಿದರೆ ಸುಮ್ಮನಿರಲು ಆಗಲ್ಲ. ಬಾಸ್‌ಗೆ ಯಾವುದು ಹೇಳಬೇಕು, ಯಾವುದು ಬಿಡಬೇಕು?

ಸ್ಟೋರ್_ಹುಡುಗ_ದಾವಣಗೆರೆ

ವಯಸ್ಸು 31. ಆಟಿಸಂ ಇದೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಖಾಸಗಿ ಆಸ್ಪತ್ರೆಯೊಂದರ ಫಾರ್ಮಸಿ ಸ್ಟೋರಿನಲ್ಲಿದ್ದೇನೆ. ಕೆಲಸ ತುಂಬಾ ಇಷ್ಟ. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು ತಾವಾಗಿಯೇ ತಲೆಯಲ್ಲಿ ಕೂರುತ್ತವೆ.

ಕಷ್ಟ ಇರುವುದು ಜನರ ಜೊತೆ. ಇನ್ಸುಲಿನ್, ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗಿರಬೇಕು. ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಬ್ಬರು ಶನಿವಾರ ಸಂಜೆಯೇ ಭಾನುವಾರದ್ದನ್ನೂ ‘4, 5’ ಅಂತ ಬರೆದು ಹೋಗುತ್ತಾರೆ. ಇನ್ನೊಬ್ಬರು ಶೆಡ್ಯೂಲ್ ಎಚ್1 (ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಟ್ಟು, ಲೆಕ್ಕ ಬರೆದಿಡಬೇಕಾದ ಔಷಧಿಗಳ ಪಟ್ಟಿ) ರಿಜಿಸ್ಟರಿನಲ್ಲಿ ಡಾಕ್ಟರ ಹೆಸರಿನ ಕಾಲಂ ಖಾಲಿ ಬಿಡುತ್ತಾರೆ. ಮತ್ತೊಬ್ಬರು 15 ನಿಮಿಷದ ಟೀಗೆ ಅರ್ಧ ಗಂಟೆ ಹೋಗುತ್ತಾರೆ. ಮೂರನ್ನೂ ಮ್ಯಾನೇಜರಿಗೆ ಹೇಳಿದೆ. ‘ಆಯ್ತು, ನೋಡೋಣ’ ಅಂದರು. ಯಾವಾಗ ನೋಡೋಣ ಅಂತ ಮರುದಿನ ಕೇಳಿದೆ. ಮುಖ ಗಂಟಿಕ್ಕಿಕೊಂಡರು.

ಈಗ ಊಟಕ್ಕೆ ಯಾರೂ ಕರೆಯುವುದಿಲ್ಲ. ‘ಚಾಡಿ ಬಂತು’ ಅಂತ ಕೇಳುವ ಹಾಗೇ ಅಂತಾರೆ. ನಿಯಮದ ಹಾಳೆಯನ್ನು ಗೋಡೆಗೆ ಅಂಟಿಸಿದ್ದು ಅವರೇ. ಪಾಲಿಸುವುದು ಬೇಡವಾದರೆ ಅಂಟಿಸಿದ್ದು ಯಾಕೆ? ಚುಚ್ಚಿ ಮಾತಾಡುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹಳೇ_ಸ್ಟೋರ್_ಕೀಪರ್

ತಮ್ಮಾ, ಈ ಮೂರೂ ಒಂದೇ ತೂಕದವಲ್ಲ. ನೀನು ಮೂರನ್ನೂ ಒಂದೇ ಉಸಿರಲ್ಲಿ ಹೇಳಿದೆ, ಮ್ಯಾನೇಜರ್ ಕಿವಿಗೆ ಬಿದ್ದಿದ್ದು ಟೀ ಒಂದೇ.

ಫ್ರಿಜ್ ವಿಷಯ ಬಿಡಲೇಬೇಡ. ಹೆಪಟೈಟಿಸ್ ಬಿ, ಟಿಟಿ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟ ಹಾಗೆ. ಇನ್ಸುಲಿನ್ ಕೂಡ ಅಷ್ಟೇ. ಕರಗಿದ ಮೇಲೆ ಬಾಟಲಿ ನೋಡಿದವರಿಗೆ ಏನೂ ಗೊತ್ತಾಗದೇ ಹೋಗಬಹುದು. ಚುಚ್ಚಿಸಿಕೊಳ್ಳುವ ಮಗುವಿಗಂತೂ ಗೊತ್ತಾಗುವುದೇ ಇಲ್ಲ. ಸುಳ್ಳು ಅಂಕಿಗಿಂತ ಖಾಲಿ ಜಾಗವೇ ವಾಸಿ, ಖಾಲಿ ಇದ್ದರೆ ಯಾರಾದರೂ ಅನುಮಾನವಾದರೂ ಪಡುತ್ತಾರೆ. ಇದನ್ನು ಬರಹದಲ್ಲೇ ಕೊಡು.

ಎಚ್1 ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿದ್ದು ಎಲ್ಲಾ ಇರಬೇಕು. 3 ವರ್ಷ ಕಾದಿಡಬೇಕು. ಆದರೆ ಮೊದಲು ಬರೆಯುವವರನ್ನೇ ಕೇಳು: ‘ಈ ಕಾಲಂ ಉಳಿದಿದೆ, ತುಂಬ್ತೀರಾ?’ ಅಂತ. ಮತ್ತೂ ಬಿಟ್ಟರೆ ಮೇಲೆ ಹೇಳು. ಟೀ ವಿಷಯ ಮ್ಯಾನೇಜರಿಗೆ ಮೊದಲೇ ಗೊತ್ತಿರುತ್ತದೆ. ಅವರೂ ಅದೇ ಟೀ ಅಂಗಡಿಯಲ್ಲಿ ನಿಂತಿರುತ್ತಾರೆ, ಅಲ್ವಾ?

ಬಗ್_ಹಿಡಿಯುವವಳು

ನಾನೂ ಆಟಿಸ್ಟಿಕ್. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ತಪ್ಪು ಹುಡುಕಿದರೆ ಸಂಬಳ ಕೊಡುತ್ತಾರೆ, ಪುಣ್ಯ.

ಮೇಲಿನ ಅಂಕಲ್ ಹೇಳಿದ್ದು ಸರಿ. ಆದರೆ ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ಊಹಿಸುವ ಕೆಲಸ ಯಾವಾಗಲೂ ನಮ್ಮ ತಲೆಗೇ ಯಾಕೆ ಬರಬೇಕು? ಮ್ಯಾನೇಜರನ್ನೇ ಕೇಳಿ: ‘ಯಾವುದನ್ನು ಕೂಡಲೇ ಹೇಳಬೇಕು, ಯಾವುದು ಬೇಡ, ಬರೆದುಕೊಡಿ.’ ಬರೆದುಕೊಟ್ಟರೆ ಅದೂ ಒಂದು ನಿಯಮ. ನಿಯಮ ಪಾಲಿಸುವುದು ನಮಗೆ ಕಷ್ಟವಾ?

2023ರಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಬಂತು. ಕೆಲಸದ ಜಾಗದಲ್ಲಿ ಏನೋ ಸರಿಯಿಲ್ಲ ಅಂತ ಕಂಡಾಗ, ಸುತ್ತ ಎಷ್ಟು ಜನ ಸುಮ್ಮನಿದ್ದರೂ ಬಾಯಿ ಬಿಡುತ್ತೇವೆ ಅಂದವರು ಆಟಿಸ್ಟಿಕ್ ನೌಕರರಲ್ಲೇ ಜಾಸ್ತಿ. ಸಣ್ಣ ಅಧ್ಯಯನ, ಆದರೂ ಓದಿ ಖುಷಿಯಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. ಖಾಸಗಿ ಸಂಸ್ಥೆಗಳಿಗೂ ಸಮಾನ ಅವಕಾಶದ ನೀತಿ ಬರೆದಿಡುವ ಹೊಣೆ ಇದೆ. ನಿಮ್ಮ ಆಸ್ಪತ್ರೆಯದು ಒಮ್ಮೆ ಓದಿ. ಮೊದಲ ಮಾತಿಗೇ ಕಾಯ್ದೆ ತೆಗೆಯಬೇಡಿ ಮಾತ್ರ, ಎಚ್‌ಆರ್ ಮುಖ ಸೆಟೆದುಕೊಳ್ಳುತ್ತದೆ.

ಗಿರ್ಮಿಟ್_ಪ್ರಿಯ

ಅಲ್ಲೋ ಗುರು, ಭಾನುವಾರ ಸ್ಟೋರಲ್ಲಿ ಡ್ಯೂಟಿಗೆ ಯಾರಿರ್ತಾರೆ? ಯಾರೂ ಇಲ್ಲದಿದ್ದರೆ ಬರೆಯೋದು ಯಾರು, ಗೋಡೆನಾ?

ಸ್ಟೋರ್_ಹುಡುಗ_ದಾವಣಗೆರೆ

ಭಾನುವಾರ ಸ್ಟೋರಿಗೆ ಬೀಗ. ಮುಂದಿನ ಕೌಂಟರ್ ಮಾತ್ರ ತೆರೆದಿರುತ್ತದೆ. ಅಂದರೆ ಆ ನಿಯಮವನ್ನು ಯಾರಿಂದಲೂ ಪಾಲಿಸಲು ಆಗುವುದಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ. ಹಾಗಿದ್ದರೆ ಬರೆದವರ ಹೆಸರು ಹೇಳಬೇಕಾ, ಬೇಡವಾ?

ಹಳೇ_ಸ್ಟೋರ್_ಕೀಪರ್

ಬೇಡ. ಹೆಸರು ಬಂದ ಕೂಡಲೇ ಅದು ಜಗಳವಾಗುತ್ತದೆ, ಫ್ರಿಜ್ ಮರೆತುಹೋಗುತ್ತದೆ. ‘ಭಾನುವಾರ ಉಷ್ಣಾಂಶ ನೋಡಲು ಯಾರೂ ಇಲ್ಲ, ಆ ದಿನದ ಅಂಕಿ ನಂಬಲು ಆಗುವುದಿಲ್ಲ, ಡೇಟಾ ಲಾಗರ್ ಬೇಕು’ ಅಂತ ಮ್ಯಾನೇಜರಿಗೆ ಮೇಲ್ ಹಾಕು, ಚೀಫ್ ಫಾರ್ಮಸಿಸ್ಟರನ್ನೂ ಸೇರಿಸು. ಲಾಗರ್ ಅಂದರೆ ಫ್ರಿಜ್ ಒಳಗೆ ಇಟ್ಟರೆ ತಾನೇ ಹೊತ್ತು ಹೊತ್ತಿಗೆ ಉಷ್ಣಾಂಶ ಬರೆದಿಟ್ಟುಕೊಳ್ಳುವ ಪುಟ್ಟ ಯಂತ್ರ. ಹೆಸರು ಕೇಳಿದರೆ ಆಗ ಸುಳ್ಳು ಹೇಳಬೇಡ.

ಸ್ಟೋರ್_ಹುಡುಗ_ದಾವಣಗೆರೆ

ಸರಿ ಸರ್, ನಾಳೆ ಕಳಿಸುತ್ತೇನೆ. ಟೀ ಬಗ್ಗೆ ಬರೆಯುವುದಿಲ್ಲ. ಆದರೂ ಅರ್ಧ ಗಂಟೆ 15 ನಿಮಿಷ ಆಗುವುದಿಲ್ಲ.